ಮುಟ್ಟಿದ ಕುದುರೆ

ತಿಪಟೂರು, 14-11-1983

ಹಾಲ್ಕುರಿಕೆಯ ಗುರುಶಾಂತಯ್ಯನವರಿಗೆ, ಕೊಬ್ಬರಿ ಮಂಡಿಯ ಸಣ್ಣತಿಮ್ಮಯ್ಯನ ನಮಸ್ಕಾರ. ಕ್ಷೇಮ ವಿಚಾರಿಸುವುದು ಆಮೇಲೆ.

ನಿನ್ನೆ ಮಕ್ಕಳ ಚೆಸ್ ಪಂದ್ಯದ ಕೊನೆಯ ಆಟಕ್ಕೆ ನೀವೇ ತೀರ್ಪುಗಾರರು. ನನ್ನ ಮಗಳು ಇಂದ್ರಾಣಿ ಕುದುರೆಯನ್ನು ಎತ್ತಿ, ಯೋಚಿಸಿ, ಮತ್ತೆ ಅಲ್ಲೇ ಇಟ್ಟಳು. ಮಂಡಿಯಲ್ಲಿ ಬೆಳೆದ ಹುಡುಗಿ. ನಮ್ಮಲ್ಲಿ ಕೊಬ್ಬರಿಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರೆ ಯಾರೂ ವ್ಯಾಪಾರ ಮುಗಿಯಿತು ಎನ್ನುವುದಿಲ್ಲ.

"ಮುಟ್ಟಿದ್ಮೇಲೆ ನಡೆಸ್ಲೇಬೇಕು ಕಣಮ್ಮ, ಇದು ನಿಮ್ಮಪ್ಪನ ಮಂಡಿ ಅಲ್ಲ" ಎಂದಿರಿ. ನಡೆಸಿದಳು, ಮಂತ್ರಿಯನ್ನು ಕಳೆದುಕೊಂಡಳು. ನಿಯಮ ನಿಯಮವೇ, ಒಪ್ಪಿದೆ.

ಆಮೇಲೆ ಅವಳ ಎದುರು ಆಡುತ್ತಿದ್ದ ನಿಮ್ಮ ತಂಗಿಯ ಮಗ ಉಮಾಪತಿ, ಎತ್ತಿದ ಆನೆಯನ್ನು ಇಟ್ಟು ಬೇರೆ ಕಾಯಿ ನಡೆಸಿದ. "ಹುಡುಗ ನೆಟ್ಟಗೆ ನಿಲ್ಲಿಸ್ದ ಅಷ್ಟೆ, ಬುಡ್ರೀ" ಎಂದು ನಕ್ಕಿರಿ. ಈಗ ಜಿಲ್ಲೆಯ ತಂಡಕ್ಕೆ ಆಡಲು ತುಮಕೂರಿಗೆ ಹೋಗುವವನು ಅವನು. ಇಂದ್ರಾಣಿ ರಾತ್ರಿಯಿಂದ ಊಟ ಮಾಡಿಲ್ಲ.

ಬೇರೆ ತೀರ್ಪುಗಾರರನ್ನು ಕೂರಿಸಿ ಬರುವ ಭಾನುವಾರ ಆ ಆಟವನ್ನು ಮತ್ತೆ ಆಡಿಸಿ. ಇಲ್ಲವಾದರೆ ನಿಮ್ಮ ಕೊಬ್ಬರಿ ಚೀಲಗಳು ಮಂಡಿಗೆ ಬಂದಾಗ ನಿಮ್ಮ ನಿಯಮವನ್ನೇ ಪಾಲಿಸುತ್ತೇನೆ: ಮುಟ್ಟಿದರೆ ಕೊಳ್ಳಲೇಬೇಕು. ಆದ್ದರಿಂದ ಮುಟ್ಟುವುದಿಲ್ಲ. ಅಕ್ಕಪಕ್ಕದ ಮಂಡಿಯವರಿಗೂ ಆಟದ ನಿಯಮ ವಿವರಿಸಿದ್ದೇನೆ. ಎಲ್ಲರಿಗೂ ಬಹಳ ಹಿಡಿಸಿತು.

ಇಂತಿ,
ಇಂದ್ರಾಣಿಯ ಅಪ್ಪ,
ಸಣ್ಣತಿಮ್ಮಯ್ಯ