ಮುರ್ಗುವಿಗೆ ಹೊಡೆದ ಗುಂಡು

ಆಗಸ್ಟ್ ೧೯, ಮಂಗಳವಾರ

ಮೊನ್ನೆ ಉಪ್ಪು ತರಲು ಬೆಟ್ಟ ಇಳಿದು ಸಿಬಿಯು ಪೇಟೆಗೆ ಹೋಗಿದ್ದೆ. ಇಂದು ಬೆಳಿಗ್ಗೆ ಕುರಿಹಟ್ಟಿಗೆ ಮರಳಿದರೆ ಒಂದು ಮರಿ ಇಲ್ಲ.

“ತೋಳ ಹೊತ್ಕೊಂಡು ಹೋಯ್ತು ಯಜಮಾನ್ರೇ. ನಿಮ್ಮ ಮುದ್ದಿನ ನಾಯಿ ಮುರ್ಗು ಗೊರಕೆ ಹೊಡೀತಾ ಬಿದ್ದಿತ್ತು,” ಎಂದ ಆಳು ಗವ್ರಿಲ.

ತೋಳಕ್ಕೆ ದಾರಿ ಬಿಟ್ಟ ನಾಯಿಯನ್ನು ನಮ್ಮ ಬೆಟ್ಟದಲ್ಲಿ ಯಾರೂ ಉಳಿಸಿಕೊಳ್ಳುವುದಿಲ್ಲ. ಗುಂಡು ಹೊಡೆದೆ.

ಸಂಜೆ ಮೆಕ್ಕೆಜೋಳದ ಮುದ್ದೆಗೆ ಒಲೆ ಹಚ್ಚಲು ಹೋದರೆ, ಸೌದೆಯ ಅಡಿಯಲ್ಲಿ ಮರಿಯ ಸುಟ್ಟ ಪಕ್ಕೆಲುಬುಗಳು, ಬೆಳ್ಳುಳ್ಳಿ ಸಿಪ್ಪೆ. ತೋಳ ಬೆಳ್ಳುಳ್ಳಿ ಸುಲಿಯುತ್ತದೆಯೇ?

“ನಾಯಿ ತಾನೇ, ಹೋಗ್ಲಿ ಬಿಡಿ,” ಎಂದ ಗವ್ರಿಲ, ನನ್ನ ಮುಖ ನೋಡದೆ.

ನಾಳೆ ಅವನನ್ನು ಓಡಿಸುತ್ತೇನೆ. ಆದರೆ ಮೊನ್ನೆ ನಾನು ಹೊರಟಾಗ ಮುರ್ಗು ನನ್ನ ಹಿಂದೆಯೇ ಬಂದಿತ್ತು. ಮಂದೆ ಕಾಯಲಿ ಎಂದು ಕಲ್ಲು ಬೀಸಿ ವಾಪಸ್ ಅಟ್ಟಿದವನು ನಾನೇ.