ಪೆಡಲ್ ಮೇಲಿನ ಮರದ ತುಂಡು

ಪ್ರೀತಿಯ ಮಾಮ,

ನೀವು ಹೋಗಿ ಮೂರು ತಿಂಗಳಾಯಿತು. ಇದನ್ನು ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಎದುರಿಗಿದ್ದಾಗ ನನಗೆ ಮಾತೇ ಬರುತ್ತಿರಲಿಲ್ಲ.

ಇವತ್ತು ನಿಮ್ಮ ಹಳೇ ಮಾರಿಸ್ ಮೈನರ್ ಕಾರು ಕೊಳ್ಳಲು ನೆಲ್ಸನ್ ಅಂಕಲ್ ಬಂದಿದ್ದರು. ಲಾಕ್‌ಡೌನಿನಲ್ಲಿ ಓಡಾಡಲು ಬಿಟ್ಟಿರುವ ಐದು ಕಿಲೋಮೀಟರ್ ಒಳಗೆ ಸಿಕ್ಕ ಗಿರಾಕಿ ಅವರೊಬ್ಬರೇ. ಐರ್ಲೆಂಡಿನ ಲಿಮೆರಿಕ್‌ನ ಈ ಶೆಡ್ಡಿನಲ್ಲಿ ಮೂರು ಚಳಿಗಾಲ ನೀವು ತುಕ್ಕು ಉಜ್ಜಿ ಹಸಿರು ಬಣ್ಣ ಹೊಡೆದ ಬಾಗಿಲನ್ನು ಸವರಿ ನೋಡಿದರು. ಆಮೇಲೆ ಒಳಗೆ ಬಗ್ಗಿ ನಕ್ಕರು.

"ಎಲ್ಲಾ ಗ್ರ್ಯಾಂಡ್. ಆದ್ರೆ ಪೆಡಲ್‌ಗಳಿಗೆಲ್ಲ ಮರದ ತುಂಡು ಯಾಕೆ ಕೂರಿಸಿದಾನೆ? ಸೀಟೂ ಎತ್ತರ ಮಾಡಿದಾನೆ. ಆರಡಿ ಆಸಾಮಿ, ಮಂಡಿ ಎಲ್ಲಿಡ್ತಿದ್ದ, ಕಿವಿ ಹತ್ರನಾ?"

ಮಾಮಿ ನನ್ನ ಕಡೆ ನೋಡಿದರು. "ಇವಳಿಗೆ ಡ್ರೈವಿಂಗ್ ಕಲಿಸ್ಬೇಕು ಅಂತಿದ್ರು."

"ಅದನ್ನ ತೆಗೆಸಿಬಿಡಿ. ಹಳೇ ಕಾರು ಇದ್ದ ಹಾಗೇ ಇದ್ರೆ ಚೆಂದ," ಎಂದು ಹೇಳಿ ಅವರು ಹೋದರು.

ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ನೀವು ಕೀ ಚಾಚುತ್ತಿದ್ದಿರಿ. "ಬಾರೇ, ಒಂದು ರೌಂಡ್." ಕಾಲು ಎಟುಕಲ್ಲ ಮಾಮ, ಎಂದು ನಾನು ಅಡುಗೆಮನೆ ಸೇರುತ್ತಿದ್ದೆ. ನನಗೆ ಅದೊಂದು ನೆಪ. ನೀವು ಅದನ್ನು ನಿಜವೆಂದು ನಂಬಿ ಮರ ಕೊಯ್ದಿರಿ.

ಮಾಮಿ ಸ್ಕ್ರೂಡ್ರೈವರ್ ಕೊಟ್ಟು ಒಳಗೆ ಹೋದರು. ನಾನು ಬಾಗಿಲು ತೆಗೆದು, ಮೊದಲ ಸಲ ನಿಮ್ಮ ಜಾಗದಲ್ಲಿ ಕುಳಿತೆ.

ಮೂರೂ ಪೆಡಲ್ ಎಟುಕಿದವು ಮಾಮ.