ಪುರಸಭೆಗೆ ಬೇಕಾದ ಓದು

ಮೆಸ್ಕಿತಾಲ್, ಟೆಕ್ಸಸ್
ಏಪ್ರಿಲ್ 6

ಪ್ರೀತಿಯ ಯೆಸೆನಿಯಾ,

ನೀನು ಕ್ಷೇಮವೆಂದು ನಿನ್ನಮ್ಮ ಹೇಳಿದಳು. ರಕ್ತದೊತ್ತಡ ಒಂದನ್ನು ಬಿಟ್ಟರೆ ನಾನೂ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾದದ್ದಕ್ಕೆ ಕ್ಷಮಿಸು. ಬಿಡುವಿರಲಿಲ್ಲವೆಂದರೆ ಸುಳ್ಳಾದೀತು. ಎರಡು ಸಲ ಬರೆದು ಹರಿದುಹಾಕಿದೆ, ಅಷ್ಟು ಕೋಪವಿತ್ತು. ಈಗಲೂ ಇದೆ.

ಸಾರ್ವಜನಿಕ ನೀತಿ ಓದಲು ನಿನಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ವಾಷಿಂಗ್ಟನ್ನಿನಲ್ಲಿ, ಇನ್ನೊಂದು ಇಲ್ಲಿಂದ ನಲವತ್ತು ಮೈಲಿಯ ರಾಜ್ಯ ವಿಶ್ವವಿದ್ಯಾಲಯದಲ್ಲಿ. ಈ ಹದಿನೈದನೇ ತಾರೀಕಿನೊಳಗೆ ಒಂದಕ್ಕೆ ಹೂಂ ಅನ್ನಬೇಕು. ವಾಷಿಂಗ್ಟನ್ನಿಗೇ ಹೋಗುವೆನೆಂದು ಬರೆದಿದ್ದೀಯ. ಕಾರಣವೇನೆಂದರೆ, ಒಳ್ಳೆಯ ಕಾಲೇಜುಗಳ ಯಾವುದೋ ಪಟ್ಟಿಯಲ್ಲಿ ಅದು ನಾಲ್ಕನೆಯದಂತೆ. ಊರಿಗೆ ಮರಳಿ ಪುರಸಭೆಯ ಮುಖ್ಯಾಧಿಕಾರಿಯಾಗುವೆನೆಂದು ಚಿಕ್ಕಂದಿನಿಂದ ಹೇಳಿದವಳು ನೀನು. ಆ ಪಟ್ಟಿ ಮಾಡಿದವರು ಯಾವ ಊರಿನ ಚರಂಡಿ ನೋಡಿದ್ದಾರಂತೆ?

ಎರಡೂ ಕಡೆಗೆ ನಾನೇ ಫೋನು ಮಾಡಿದೆ. ಬೇಕಿದ್ದರೆ ಬೈದುಕೋ. "ಹೋದ ವರ್ಷ ಓದು ಮುಗ್ಸಿದವ್ರಲ್ಲಿ ಎಷ್ಟು ಜನ ಪುರಸಭೆ ಕೆಲಸಕ್ಕೆ ಹೋದ್ರು?" ಎಂದು ಕೇಳಿದೆ. ವಾಷಿಂಗ್ಟನ್ನಿನವನು "ನೋಡಿ ಹೇಳ್ತೀನಿ ಮೇಡಂ" ಎಂದ. ಇನ್ನೂ ನೋಡುತ್ತಲೇ ಇದ್ದಾನೆ. ಇಲ್ಲಿಯ ಪ್ರೊಫೆಸರಮ್ಮ ಥಟ್ಟನೆ, "ಹತ್ತೊಂಬತ್ತರಲ್ಲಿ ಹನ್ನೊಂದು ಜನ. ಒಬ್ಬಳು ನಿಮ್ಮ ಪಕ್ಕದೂರಲ್ಲೇ ಇದಾಳೆ, ನಂಬರ್ ಕೊಡ್ಲಾ?" ಎಂದಳು. ಅವಳ ಹತ್ತಿರ ಓದುವವರು ವಾರಕ್ಕೆ ಮೂರು ದಿನ ಯಾವುದಾದರೂ ಪುರಸಭೆಯಲ್ಲಿ ದುಡಿಯಬೇಕು, ಪಾಠ ಸಂಜೆ.

ನಮ್ಮ ಹೊಸ ಮುಖ್ಯಾಧಿಕಾರಿ ಗ್ರಾಂಟ್ ನಿನ್ನ ಆ ವಾಷಿಂಗ್ಟನ್ನಿನಲ್ಲೇ ಓದಿದವನು. ಬಂದು ಎಂಟು ತಿಂಗಳಾಯಿತು. ಕೆಟ್ಟವನಲ್ಲ, ಒಂಬತ್ತು ಬಣ್ಣಗಳಲ್ಲಿ ನಕ್ಷೆ ಬರೆಯುತ್ತಾನೆ. ಆದರೆ ಪುಸ್ತಕದ ಬದನೆಕಾಯಿ. ಕಾನೂನಿನ ಪ್ರಕಾರ ಸಭೆಯ ವಿಷಯಪಟ್ಟಿಯನ್ನು ಮೂರು ದಿನ ಮೊದಲೇ ಬಾಗಿಲಿಗೆ ಅಂಟಿಸಬೇಕು, ಬೀಗ ಹಾಕಿದ ಮೇಲೂ ಬೀದಿಯಲ್ಲಿ ನಿಂತವರು ಓದುವಂತಿರಬೇಕು. ಇಪ್ಪತ್ತಾರು ವರ್ಷ ಈ ಪುರಸಭೆಯ ಗುಮಾಸ್ತೆಯಾಗಿ ಅದನ್ನು ನಾನೇ ಅಂಟಿಸಿದವಳು. ಫೆಬ್ರವರಿಯಲ್ಲಿ ನನ್ನ ಕಣ್ಣಿನ ಆಪರೇಷನ್ ಇತ್ತೆಂದು ಅವನು ಅಂಟಿಸಿದ. ಬಾಗಿಲ ಗಾಜಿನ ಒಳಗಡೆ, ಅಕ್ಷರ ಒಳಮುಖವಾಗಿ. ಪೂರ್ವದ ಓಣಿಗೆ ನೀರಿನ ಕೊಳವೆ ಹಾಕುವ ತೀರ್ಮಾನ ಆ ಸಭೆಯಲ್ಲೇ ಆಯಿತು.

ಮುಂದಿನ ಸಭೆಯಲ್ಲಿ ನಮ್ಮೂರ ಚೇಮಾ ಅಜ್ಜ, ಊರಿನವರು ಮಾತಾಡಲೆಂದು ಇಟ್ಟ ಮೂರು ನಿಮಿಷದಲ್ಲಿ ಮೈಕಿನ ಮುಂದೆ ನಿಂತ. "ಮೂರು ದಿನ ಬಾಗಿಲ ಹತ್ರ ನಿಂತು ಬರೀ ಬಿಳಿ ಹಾಳೆ ಓದಿದ್ನಪ್ಪ. ಎಲ್ಲೂ ಒಂದು ತಪ್ಪಿರ್ಲಿಲ್ಲ" ಎಂದ. ಎಲ್ಲರೂ ನಕ್ಕರು, ಪುರಸಭೆಯ ವಕೀಲ ನಗಲಿಲ್ಲ. ತೀರ್ಮಾನ ರದ್ದಾಯಿತು. ಮತ್ತೆ ಸಭೆ ಕರೆಯುವಷ್ಟರಲ್ಲಿ ಗುತ್ತಿಗೆದಾರ ಬೇರೆ ಊರಿನ ಕೆಲಸ ಹಿಡಿದಿದ್ದ. ಆ ಓಣಿಯಲ್ಲಿರುವ ನಿನ್ನಜ್ಜಿ ಈಗಲೂ ಡ್ರಮ್ಮಿನಲ್ಲಿ ನೀರು ತುಂಬಿಸಿಡುತ್ತಾಳೆ. "ಇದನ್ನ ನಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ನೆರೈದಾ" ಎಂದು ಗ್ರಾಂಟ್ ನನ್ನ ಹತ್ತಿರ ಪೆಚ್ಚಾಗಿ ಹೇಳಿದ. ಅದು ನಿಜ. ನನ್ನ ಸಿಟ್ಟು ಅವನ ಮೇಲಲ್ಲ. ಊರಿನ ಪಾಡು ಬಲ್ಲವಳಾಗಿಯೂ ಅದೇ ದಾರಿ ಹಿಡಿಯುವ ನಿನ್ನ ಮೇಲೆ.

ದೇಶಕ್ಕೆ ನೀತಿ ಬರೆಯುವ ಆಸೆಯಿದ್ದರೆ ವಾಷಿಂಗ್ಟನ್ನಿಗೆ ಹೋಗು, ನಾನೇ ಬಸ್ಸು ಹತ್ತಿಸುತ್ತೇನೆ. ಊರು ನಡೆಸುವ ಆಸೆಯಿದ್ದರೆ ಮಾತ್ರ ಆ ಪಟ್ಟಿಯನ್ನು ಒಲೆಗೆ ಹಾಕು.

ಎಲ್ಲಿದ್ದರೂ ಗ್ವಾಡಲೂಪೆಯ ಮೇರಿ ತಾಯಿ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ರಜೆಗೆ ಬಾ, ಅಜ್ಜಿ ಜೋಳದ ಹಿಟ್ಟಿನ ತಮಾಲೆ ಮಾಡುತ್ತಾಳಂತೆ.

ನಿನ್ನ ದೊಡ್ಡಮ್ಮ,
ನೆರೈದಾ

ಮರೆತ ಮಾತು: ಎರಡೂ ಕಡೆಯವರು ಗ್ರಾಂಟನ ಶಿಫಾರಸು ಪತ್ರವನ್ನು ಬಹಳ ಹೊಗಳಿದರೆಂದು ಬರೆದಿದ್ದೀಯ. ನನ್ನಂಥ ಡಿಗ್ರಿಯಿಲ್ಲದ ಗುಮಾಸ್ತೆಯ ಸಹಿಗೆ ತೂಕವಿಲ್ಲವೆಂದು ನೀನು ಅವನನ್ನು ಕೇಳಿದೆ, ಇರಲಿ. ಅವನು ನಿನ್ನನ್ನು ನೋಡಿದ್ದೇ ಎರಡು ಸಲ. ನವೆಂಬರಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, "ಈ ಹುಡುಗಿ ಬಗ್ಗೆ ನಂಗೇನು ಗೊತ್ತು? ನೀವೇ ಬರೆದ್ಬಿಡಿ, ಸಹಿ ಹಾಕ್ತೀನಿ" ಎಂದ. ಹದಿನಾರನೇ ವಯಸ್ಸಿನ ಬೇಸಿಗೆಯಲ್ಲಿ ನೀನು ನನ್ನ ಪಕ್ಕ ಕುಳಿತು ಜನರ ದೂರು ಬರೆದುಕೊಂಡದ್ದು, ಸಿಟ್ಟಾದ ಮುದುಕಿಯೊಬ್ಬಳನ್ನು ಮನೆತನಕ ಬಿಟ್ಟುಬಂದದ್ದು, ಎಲ್ಲವನ್ನೂ ಬರೆದುಕೊಟ್ಟೆ. ಕೆಳಗೆ ಅವನು ಸಹಿ ಹಾಕಿದ. ನೀನೇ ಬಂದು ಕೇಳಿದ್ದರೆ, ಮಗಳೇ, ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ.